ಬಿಳಿ ಹಕ್ಕಿಗಳೆಲ್ಲ ಒಂದೇ ಅಲ್ಲ, ವಿದೇಶಿಯಂತೂ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಬಣ್ಣದ ಚಿತ್ರ ಬಂದಿತ್ತು. ಟಿಲ್ಲರ್ ಓಡುತ್ತಿರುವ ಗದ್ದೆ, ಅದರ ಹಿಂದೆ ಸಾಲುಗಟ್ಟಿದ ಹಕ್ಕಿಗಳು. ಕೆಳಗೆ ‘ನಾಟಿ ಗದ್ದೆಗೆ ಲಗ್ಗೆ ಇಟ್ಟ ವಿದೇಶಿ ಕೊಕ್ಕರೆಗಳು’ ಎಂದು ಅಡಿಬರಹ. ಚಿತ್ರ ಬಹಳ ಚೆನ್ನಾಗಿತ್ತು, ಮಳೆಯಲ್ಲಿ ನಿಂತು ತೆಗೆದವರ ಶ್ರಮವೂ ಕಾಣುತ್ತಿತ್ತು. ಆದರೆ ಅಲ್ಲಿದ್ದ ಒಂದು ಹಕ್ಕಿಯೂ ಹೊರದೇಶದಿಂದ ಬಂದದ್ದಲ್ಲ. ಅವೆಲ್ಲ ಒಂದೇ ಜಾತಿಯವೂ ಅಲ್ಲ. ಆ ಒಂದೇ ಚಿತ್ರದಲ್ಲಿ ಮೂರು ಜಾತಿಯ ಹಕ್ಕಿಗಳಿದ್ದವು.

ಟಿಲ್ಲರ್ ಚಕ್ರದ ಬೆನ್ನಿಗೇ ನಡೆಯುತ್ತಿದ್ದವು ಗೋವಕ್ಕಿಗಳು. ತಲೆ, ಕತ್ತು, ಬೆನ್ನು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಅವುಗಳಿಂದ ಸ್ವಲ್ಪ ದೂರದಲ್ಲಿ, ಕಣಕಾಲು ಮುಳುಗುವಷ್ಟು ನೀರಿನಲ್ಲಿ ಕತ್ತು ನೀಳವಾಗಿ ಚಾಚಿ ನಿಂತಿದ್ದವು ಮಧ್ಯಮ ಬೆಳ್ಳಕ್ಕಿಗಳು. ಅವುಗಳ ಕೊಕ್ಕು ಕಪ್ಪು. ಎದೆಯಿಂದಲೂ ಬೆನ್ನಿನಿಂದಲೂ ಎಳೆಎಳೆಯಾದ ಗರಿ ಇಳಿಬಿದ್ದಿತ್ತು, ನೆತ್ತಿಯ ಹಿಂದೆ ಮಾತ್ರ ಏನೂ ಇರಲಿಲ್ಲ. ಬದುವಿನ ಮೇಲೆ ಕತ್ತು ಒಳಗೆಳೆದುಕೊಂಡು ಕೂತಿದ್ದ ಕಡುಗೆಂಪು ಬೆನ್ನಿನ ಹಕ್ಕಿ ಕೊಳದ ಬಕ. ಮೂರೂ ನಮ್ಮ ನಾಡಿನಲ್ಲೇ ಗೂಡು ಕಟ್ಟಿ ಮರಿ ಮಾಡುವ ಹಕ್ಕಿಗಳು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದವಳು. ಶಾಲೆಯ ಹಿಂದೆಯೇ ಬೈಲುಗದ್ದೆ. ಮಕ್ಕಳನ್ನು ಬದುವಿನ ಮೇಲೆ ಕೂರಿಸಿ ಹಕ್ಕಿ ಬರೆಸುತ್ತಿದ್ದೆ. ಬಣ್ಣದ ಪೆಟ್ಟಿಗೆ ಮೊದಲು ಕೊಡುತ್ತಿರಲಿಲ್ಲ. ಕೊಕ್ಕು ಎಲ್ಲಿ ಮುಗಿಯುತ್ತದೆ, ಕಣ್ಣು ಎಲ್ಲಿದೆ, ಕಾಲು ಮೊಣಕಾಲಿನಿಂದ ಮೇಲೆಷ್ಟು ಕಾಣುತ್ತದೆ, ಇದನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆದು ತೋರಿಸಿದ ಮೇಲೆ ಬಣ್ಣ. ಹಕ್ಕಿಯ ಗುರುತಿಗೂ ಇದೇ ಸರಿಯಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಣ್ಣ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ, ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಕೊಕ್ಕಿನ ಉದ್ದ, ಬಾಯಿಯ ಸೀಳು, ತಲೆಯ ಆಕಾರ ಬದಲಾಗುವುದಿಲ್ಲ. ಗರಿಯ ಬಣ್ಣ ನೋಡಬಾರದು ಎನ್ನುತ್ತಿಲ್ಲ, ನೋಡಲೇಬೇಕು. ಆದರೆ ಇದು ಯಾವ ತಿಂಗಳು ಎಂಬುದು ತಲೆಯಲ್ಲಿ ಇಟ್ಟುಕೊಂಡು ನೋಡಬೇಕು.

ನಮ್ಮ ಗದ್ದೆ ಉಳುವ ಹುಡುಗ ಹೋದ ವರ್ಷ ಟಿಲ್ಲರ್ ನಿಲ್ಲಿಸಿ ಕೇಳಿದ: “ಟೀಚರೇ, ಈ ಕೆಂಪು ತಲೆಯವು ಹುತ್ತರಿ ಹೊತ್ತಿಗೆ ಎಲ್ಲಿಗೆ ಹೋಗ್ತವೆ? ಆಗ ಬರೀ ಬಿಳಿಯವೇ ಇರ್ತವಲ್ಲ.” ಹುತ್ತರಿ ಎಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬ. ಅವೇ ಇವು ಕಣಪ್ಪ, ಆಗ ಇವೂ ಬೆಳ್ಳಗಾಗಿರುತ್ತವೆ ಎಂದರೆ ಅವನಿಗೆ ನಂಬಿಕೆ ಬರಲಿಲ್ಲ. ಕೊಕ್ಕು ನೋಡು ಎಂದೆ. ಗೋವಕ್ಕಿಯ ಕೊಕ್ಕು ಗಿಡ್ಡ, ಮೋಟು, ಹಳದಿ. ಗಲ್ಲದ ಕೆಳಗಿನ ಗರಿ ಕೊಕ್ಕಿನಡಿಗೆ ಮುಂದೆ ಚಾಚಿಕೊಂಡಿರುವುದರಿಂದ ದವಡೆ ಊದಿಕೊಂಡ ಹಾಗೆ ಕಾಣುತ್ತದೆ. ತಲೆ ಗುಂಡಗೆ, ಕತ್ತು ಕುಳ್ಳು. ಆಷಾಢದಲ್ಲಿ ಕಿತ್ತಳೆಯಾದರೂ ಸರಿ, ಧನುರ್ಮಾಸದಲ್ಲಿ ಹಾಲು ಬಿಳಿಯಾದರೂ ಸರಿ, ಈ ದವಡೆ ಬಿಟ್ಟು ಹೋಗುವುದಿಲ್ಲ. ಅದೂ ಅಲ್ಲದೆ ಉಳುಮೆಯ ಹೊತ್ತಿನಲ್ಲೂ ಗುಂಪಿನಲ್ಲಿ ಕೆಲವು ಪೂರ್ತಿ ಬಿಳಿಯವು ಇದ್ದೇ ಇರುತ್ತವೆ. ಅವು ಆ ವರ್ಷ ಮರಿ ಮಾಡದವು, ಇಲ್ಲವೇ ಎಳೆಯವು. ಕಿತ್ತಳೆ ಬಣ್ಣ ಇದ್ದರೆ ಗೋವಕ್ಕಿ ಎಂಬುದು ನಿಜ. ಇಲ್ಲದಿದ್ದರೆ ಅಲ್ಲ ಎಂದು ತೀರ್ಮಾನಿಸಿದರೆ ಅರ್ಧ ಗುಂಪಿಗೆ ತಪ್ಪು ಹೆಸರು ಬೀಳುತ್ತದೆ.

ಗೋವಕ್ಕಿ ಬಿಟ್ಟರೆ ಉಳಿದ ಚಿಕ್ಕ, ಮಧ್ಯಮ, ದೊಡ್ಡ ಎಂಬ ಮೂರು ಬೆಳ್ಳಕ್ಕಿಗಳ ವಿಷಯ ಇನ್ನೂ ಸೂಕ್ಷ್ಮ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಚಿಕ್ಕ ಬೆಳ್ಳಕ್ಕಿಯ ಕೊಕ್ಕು ವರ್ಷವಿಡೀ ಕಪ್ಪು, ತೆಳು, ಚೂಪು. ಕಾಲು ಕಪ್ಪು, ಪಾದ ಮಾತ್ರ ಹಳದಿ. ಈ ಹಳದಿ ಪಾದವೇ ಅದರ ಪಕ್ಕಾ ಗುರುತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಕೆಸರುಗದ್ದೆಯಲ್ಲಿ ಪಾದ ಎಲ್ಲಿ ಕಾಣುತ್ತದೆ? ಅದು ಹಾರುವವರೆಗೆ ಕಾಯಬೇಕು. ಹಾರಿದಾಗ ಎರಡೂ ಪಾದ ಬಾಲದಾಚೆ ಚಾಚಿಕೊಳ್ಳುತ್ತವೆ, ಆಗ ಕೆಸರು ಮೆತ್ತಿದ್ದರೂ ಬೆರಳ ಸಂದಿನ ಹಳದಿ ಇಣುಕುತ್ತದೆ. ಹಾರದಿದ್ದರೆ ಅದರ ನಡೆ ನೋಡಿ. ಒಂದು ಪಾದ ಮುಂದಿಟ್ಟು ಕೆಸರಿನೊಳಗೇ ನಡುಗಿಸುತ್ತದೆ. ಬೆದರಿದ ಮೀನು, ಗೊದಮೊಟ್ಟೆ ಎದ್ದ ಕೂಡಲೇ ಕುಕ್ಕುತ್ತದೆ. ಮರಿ ಮಾಡುವ ಕಾಲದಲ್ಲಿ ಅದರ ನೆತ್ತಿಯ ಹಿಂದಿನಿಂದ ಎರಡು ಉದ್ದ ಗರಿಗಳು ಇಳಿಬೀಳುತ್ತವೆ. ಮಧ್ಯಮ ಬೆಳ್ಳಕ್ಕಿಗೆ ಎದೆ, ಬೆನ್ನಿನಲ್ಲಿ ಎಳೆಗರಿ ಬರುತ್ತದೆ, ನೆತ್ತಿಯಲ್ಲಿ ಇಲ್ಲ. ದೊಡ್ಡ ಬೆಳ್ಳಕ್ಕಿಗೆ ಬೆನ್ನಿನಲ್ಲಿ ಮಾತ್ರ.

ಮರಿ ಮಾಡುವ ಕಾಲಕ್ಕೆ ಮಧ್ಯಮ, ದೊಡ್ಡ ಎರಡರ ಕೊಕ್ಕೂ ಕಪ್ಪಾಗುತ್ತದೆ. ಕಾಲ ಮುಗಿದ ಮೇಲೆ ಎರಡರದ್ದೂ ಹಳದಿ. ಎಳೆಗರಿಯೂ ಉದುರಿಹೋಗಿರುತ್ತದೆ. ಆಗ ದೂರದಲ್ಲಿ ಒಂಟಿಯಾಗಿ ನಿಂತ ಹಕ್ಕಿ ದೊಡ್ಡದೋ ಮಧ್ಯಮವೋ ಎಂದು ಗಾತ್ರ ನೋಡಿ ಹೇಳಲು ಪಕ್ಕದಲ್ಲಿ ಅಳೆದು ನೋಡುವುದಕ್ಕೆ ಇನ್ನೊಂದು ಹಕ್ಕಿ ಇರಬೇಕು. ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ಗುರುತು ಬಾಯಿಯ ಸೀಳು. ಕೊಕ್ಕಿನ ಬುಡದಿಂದ ಕಣ್ಣಿನ ಕೆಳಗೆ ಒಂದು ಕಪ್ಪು ಗೆರೆ ಹಾದುಹೋಗುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಅದು ಕಣ್ಣಿನ ನೇರ ಕೆಳಗೆ ನಿಲ್ಲುತ್ತದೆ. ದೊಡ್ಡದರಲ್ಲಿ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ದೊಡ್ಡ ಬೆಳ್ಳಕ್ಕಿಯ ಕತ್ತಿನ ನಡುವೆ ಮುರಿದಂಥ ಒಂದು ತಿರುವು, ತಲೆ ಉದ್ದಕ್ಕೆ ಚಪ್ಪಟೆ. ಮಧ್ಯಮದ ಕೊಕ್ಕು ಗಿಡ್ಡ, ಹಣೆ ಎದ್ದು ಕಾಣುತ್ತದೆ, ಹಳದಿ ಕೊಕ್ಕಿನ ತುದಿಗೆ ಮಸಿ ತಾಗಿರುತ್ತದೆ. ಸಾಧಾರಣ ದುರ್ಬೀನು ಇದ್ದರೂ ಇಷ್ಟು ಕಾಣುತ್ತದೆ.

ಈ ಎಳೆಗರಿಗಳಿಗೆ ಒಂದು ನೋವಿನ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪು, ಅಮೆರಿಕದ ಹೆಂಗಸರ ಟೋಪಿಗೆ ಸಿಕ್ಕಿಸಲು ಬೆಳ್ಳಕ್ಕಿಗಳನ್ನು ಲೆಕ್ಕವಿಲ್ಲದಷ್ಟು ಕೊಂದರು. ಆ ಗರಿ ಬರುವುದೇ ಮರಿ ಮಾಡುವ ಕಾಲದಲ್ಲಿ. ಹಾಗಾಗಿ ಗೂಡಿನ ಬಳಿಯೇ ಗುಂಡು ಹೊಡೆಯುತ್ತಿದ್ದರು, ಮರಿಗಳೂ ಸಾಯುತ್ತಿದ್ದವು. 1902ರಲ್ಲಿ ಭಾರತದಿಂದ ಗರಿಗಳ ರಫ್ತು ನಿಷೇಧವಾಯಿತು. ಇಂದು ನಮ್ಮ ಗದ್ದೆಯಲ್ಲಿ ಎಳೆಗರಿ ಬಿಟ್ಟ ಹಕ್ಕಿ ನಿರ್ಭಯವಾಗಿ ನಿಲ್ಲುವುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ನಮ್ಮ ಕೊಡಗಿನ ಕಾವೇರಿಯೇ ಕೆಳಗೆ ಹರಿದು ಹೋಗುವ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಬೆಳ್ಳಕ್ಕಿಗಳು ಗೂಡು ಕಟ್ಟುವುದನ್ನು ಅಲ್ಲಿ ದೋಣಿಯಲ್ಲಿ ಕೂತೇ ನೋಡಬಹುದು. ನಮ್ಮ ಶಾಲಾ ಪ್ರವಾಸಗಳು ಮೈಸೂರಿನ ಅರಮನೆಯಿಂದ ಅಷ್ಟು ದೂರವೂ ಇಲ್ಲದ ಆ ಜಾಗವನ್ನು ಯಾಕೆ ಬಿಟ್ಟು ಬರುತ್ತವೋ ಗೊತ್ತಿಲ್ಲ.

ಇಷ್ಟು ಸೂಕ್ಷ್ಮ ಯಾಕೆ, ಎಲ್ಲವೂ ಬೆಳ್ಳಕ್ಕಿಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಬೈಲಿನಲ್ಲೇ ಇದೆ. ಅಮ್ಮತ್ತಿ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಎಷ್ಟು ಗದ್ದೆ ಪಾಳು ಬಿದ್ದಿದೆ ಎಂಬುದು ಓದುಗರಿಗೆ ಗೊತ್ತು. ಕೆಲಸಕ್ಕೆ ಜನ ಇಲ್ಲ, ಆನೆ ಕಾಟ, ಭತ್ತಕ್ಕೆ ಬೆಲೆಯಿಲ್ಲ. ಕೆಲವರು ಶುಂಠಿಗೆ ಕೊಟ್ಟರು, ಕೆಲವರು ಅಡಿಕೆ ಹಾಕಿದರು. ನಾನು ಯಾರನ್ನೂ ದೂರುವುದಿಲ್ಲ, ಗದ್ದೆ ಮಾಡುವ ಕಷ್ಟ ನಮ್ಮ ಮನೆಯಲ್ಲೂ ಇದೆ. ಆದರೆ ಶುಂಠಿಗೆ ಪಾತಿ ಏರಿಸಿ ನೀರು ಬಸಿದು ಹೋಗುವಂತೆ ಕಾಲುವೆ ತೆಗೆಯುತ್ತಾರೆ. ನಿಂತ ನೀರು ಹೋಯಿತು. ಗೋವಕ್ಕಿಗೆ ಅದರಿಂದ ಅಂಥ ತೊಂದರೆಯಿಲ್ಲ. ಒಣ ಹುಲ್ಲಿನಲ್ಲೂ ದನದ ಹಿಂದೆ ಮಿಡತೆ ಹಿಡಿದು ಬದುಕುತ್ತದೆ. ಚಿಕ್ಕ ಬೆಳ್ಳಕ್ಕಿಗೆ, ಮಧ್ಯಮ ಬೆಳ್ಳಕ್ಕಿಗೆ ತೆಳುನೀರು ಬೇಕು, ಮೀನು, ಕಪ್ಪೆ ಬೇಕು. ಎಲ್ಲಕ್ಕೂ ಒಂದೇ ಹೆಸರು ಬರೆದಿಟ್ಟರೆ ನಾಳೆ ಮಧ್ಯಮ ಬೆಳ್ಳಕ್ಕಿ ನಮ್ಮ ಬೈಲು ಬಿಟ್ಟು ಹೋದರೂ ಲೆಕ್ಕದಲ್ಲಿ ಗೋವಕ್ಕಿಯ ಸಂಖ್ಯೆ ಅದನ್ನು ಮುಚ್ಚಿಬಿಡುತ್ತದೆ. ಬೆಳ್ಳಕ್ಕಿ ಬೇಕಾದಷ್ಟಿವೆಯಲ್ಲ ಎನ್ನುತ್ತೇವೆ. ನನ್ನ ಆತಂಕ ಇದೇ, ಈ ಪತ್ರ ಬರೆಯಲು ಕಾರಣವೂ ಇದೇ.

ಕಪ್ಪು ಹಕ್ಕಿಗಳ ವಿಷಯದಲ್ಲೂ ಹೀಗೆಯೇ ಆಗುತ್ತಿದೆ. ಚಿಕ್ಲಿಹೊಳೆ, ಹಾರಂಗಿ ಜಲಾಶಯಗಳಲ್ಲಿ ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ಮೇಲೇಳುತ್ತವೆ. ಅವುಗಳ ಮೇಲೆ ರೆಕ್ಕೆ ಬಿಚ್ಚಿ ಕೂತ ನೀರುಕಾಗೆಗಳ ಚಿತ್ರ ಪ್ರತಿ ಬೇಸಿಗೆ ಪತ್ರಿಕೆಗಳಲ್ಲಿ ಬರುತ್ತದೆ. ಅವುಗಳ ಗರಿ ನೀರು ಹೀರಿಕೊಳ್ಳುತ್ತದೆ. ಅದರಿಂದ ಮುಳುಗುವುದು ಸುಲಭ, ಆದರೆ ಮೇಲೆ ಬಂದು ಒಣಗಿಸಿಕೊಳ್ಳದೆ ಗತಿಯಿಲ್ಲ. ನೀರುಕಾಗೆಯಲ್ಲೂ ಮೂರು ಜಾತಿ. ಪುಟ್ಟ ನೀರುಕಾಗೆಯ ಕೊಕ್ಕು ಮೋಟು, ಹಣೆ ಕಡಿದಾದದ್ದು, ದೇಹಕ್ಕೆ ಬಾಲ ಉದ್ದ. ಭಾರತದ ನೀರುಕಾಗೆಯ ಕೊಕ್ಕು ಉದ್ದ, ಸಪೂರ, ತುದಿಯಲ್ಲಿ ಕೊಕ್ಕೆ. ಹತ್ತಿರದಿಂದ ನೋಡಿದರೆ ಕಣ್ಣು ಹಸಿರು ಬೆರೆತ ನೀಲಿ. ಆ ಕಣ್ಣಿನ ಬಣ್ಣವನ್ನು ನನ್ನ ಪೆಟ್ಟಿಗೆಯ ಯಾವ ಬಣ್ಣ ಬೆರೆಸಿದರೂ ತರಲಾಗಿಲ್ಲ. ದೊಡ್ಡ ನೀರುಕಾಗೆ ನಿಜವಾಗಿಯೂ ದೊಡ್ಡದು, ಕೊಕ್ಕು ದಪ್ಪ, ಕೊಕ್ಕಿನ ಬುಡದ ಹಳದಿ ಚರ್ಮದ ಸುತ್ತ ಬಿಳಿ. ಮರಿ ಮಾಡುವ ಕಾಲದಲ್ಲಿ ತೊಡೆಯ ಮೇಲೆ ಬಿಳಿ ಮಚ್ಚೆ ಮೂಡುತ್ತದೆ, ಹಾರುವಾಗಲೂ ಅದು ಕಾಣುತ್ತದೆ. ಭಾರತದ ನೀರುಕಾಗೆಗೆ ಅದೇ ಕಾಲದಲ್ಲಿ ಕಣ್ಣಿನ ಹಿಂದೆ ಒಂದು ಬಿಳಿ ಕುಚ್ಚು ಬರುತ್ತದೆ. ಪುಟ್ಟದಕ್ಕೆ ತಲೆಯ ಮೇಲೆ, ಪಕ್ಕದಲ್ಲಿ ಸಣ್ಣ ಬಿಳಿ ಗೀರುಗಳು; ಕಾಲ ಕಳೆದ ಮೇಲೆ ಅವು ಹೋಗಿ ಗಂಟಲು ಬೆಳ್ಳಗಾಗುತ್ತದೆ. ಹೊಟ್ಟೆ ಬಿಳಿಯಿದ್ದರೆ ಬೇರೆಯೇ ಹಕ್ಕಿ ಎಂದು ಭಾವಿಸಬೇಡಿ, ಅದು ಎಳೆಯ ಹಕ್ಕಿ ಇರಬಹುದು. ಇನ್ನು ಅದೇ ಬೊಡ್ಡೆಯ ಮೇಲೆ ಈಟಿಯಷ್ಟು ನೇರ ಕೊಕ್ಕು, ಹಾವಿನಷ್ಟು ಸಪೂರ ಕತ್ತು, ಹೆಗಲ ಮೇಲೆ ಬೆಳ್ಳಿ ಗೆರೆಗಳಿದ್ದರೆ ಅದು ನೀರುಕಾಗೆಯೇ ಅಲ್ಲ, ಹಾವಕ್ಕಿ.

ಎಳೆಯ ಹಕ್ಕಿಗಳ ಮಾತು ಬಂದದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ಕಾಫಿ ತೋಟದ ಕೆರೆಗಳ ಬದಿಯಲ್ಲಿ, ಬಿದಿರ ಮೆಳೆಯೊಳಗೆ, ಮೈತುಂಬ ಕಂದು, ರೆಕ್ಕೆಯ ಮೇಲೆ ಬಿಳಿ ಚುಕ್ಕೆ ಇರುವ ಹಕ್ಕಿಯೊಂದು ಹಗಲು ತೂಕಡಿಸುತ್ತಾ ಕೂತಿರುತ್ತದೆ. ಅಪರೂಪದ ಹಕ್ಕಿ ಸಿಕ್ಕಿತೆಂದು ಅದರ ಚಿತ್ರ ನನಗೆ ಆಗಾಗ ಬರುತ್ತದೆ. ಅದು ಇರುಳು ಬಕದ ಎಳೆಯದು. ಕಪ್ಪು ನೆತ್ತಿ, ಬೂದು ರೆಕ್ಕೆ, ಕೆಂಪು ಕಣ್ಣು ಬರಲು ಅದಕ್ಕೆ ವರ್ಷಗಳು ಬೇಕು. ಕೊಳದ ಬಕವೂ ಮರಿ ಮಾಡದ ಕಾಲದಲ್ಲಿ ಕಂದು ಗೀರುಗಳ ಹಕ್ಕಿಯೇ, ಅದಕ್ಕೇ ಇವೆರಡೂ ಕಣ್ಣಿಗೆ ಒಂದಾಗುತ್ತವೆ. ಹಾರಲಿ, ತಿಳಿಯುತ್ತದೆ. ಕೊಳದ ಬಕ ರೆಕ್ಕೆ ಬಿಚ್ಚಿದ ಕ್ಷಣ ಬೆಳ್ಳಗೆ ಹೊಳೆಯುತ್ತದೆ. ಎಳೆಯ ಇರುಳು ಬಕದ ರೆಕ್ಕೆ ಒಳಗೂ ಹೊರಗೂ ಕಂದು.

ನಿಜವಾಗಿ ಹೊರದೇಶದಿಂದ ಬರುವ ಹಕ್ಕಿಗಳು ನಮ್ಮಲ್ಲಿಲ್ಲವೇ? ಇವೆ. ಆದರೆ ಅವುಗಳ ಚಿತ್ರವನ್ನು ಯಾರೂ ಪತ್ರಿಕೆಗೆ ಕಳಿಸುವುದಿಲ್ಲ, ಅಷ್ಟು ಸಣ್ಣವು, ಅಷ್ಟು ಮಾಸಲು ಬಣ್ಣದವು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲು ಕೆರೆಯ ನೀರು ಎತ್ತುತ್ತೇವಲ್ಲ, ಆಗ ಅಂಚಿನ ಕೆಸರು ತೆರೆದುಕೊಳ್ಳುತ್ತದೆ. ಅಲ್ಲಿ ಬಾಲ ಕುಣಿಸುತ್ತಾ ಓಡಾಡುವ ಗೊರವಗಳನ್ನು ನೋಡಿ. ಯುರೋಪು, ಉತ್ತರ ಏಷ್ಯಾದ ಕಡೆ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುವವು ಇವು. ಎದೆಯ ಪಕ್ಕದಿಂದ ಬಿಳಿ ಬಣ್ಣ ಹೆಗಲಿನತ್ತ ಮೇಲಕ್ಕೆ ನುಗ್ಗಿದ್ದರೆ, ನಿಂತಲ್ಲೂ ಬಾಲ ಕುಣಿಯುತ್ತಿದ್ದರೆ ಅದು ಸಾಮಾನ್ಯ ಗೊರವ. ಬೆನ್ನು ಕಪ್ಪಿಗೆ ಹತ್ತಿರ, ಹಾರಿದಾಗ ರೆಕ್ಕೆಯ ಅಡಿಯೂ ಕಪ್ಪು, ಬಾಲದ ಬುಡ ಮಾತ್ರ ಅಚ್ಚ ಬಿಳಿ ಇದ್ದರೆ ಹಸಿರು ಗೊರವ. ತೋಟದ ತೋಡಿನಲ್ಲಿ ಸಾಮಾನ್ಯವಾಗಿ ಒಂಟಿಯಾಗಿ ಸಿಗುತ್ತದೆ. ಇದರ ಬಿಳಿ ಹುಬ್ಬು ಕಣ್ಣಿನ ಮುಂದಕ್ಕಷ್ಟೇ. ಹುಬ್ಬು ಕಣ್ಣು ದಾಟಿ ಹಿಂದಕ್ಕೂ ಹೋಗಿ, ಬೆನ್ನ ಮೇಲೆ ಚುಕ್ಕೆ ಎದ್ದು ಕಂಡು, ಕಾಲು ಹಳದಿಯಾಗಿದ್ದರೆ ಅಡವಿ ಗೊರವ. ಅದರ ರೆಕ್ಕೆಯ ಅಡಿ ತೆಳುಬಣ್ಣ. ಅಷ್ಟು ದೂರ ಹಾರಿ ಬಂದು ನಮ್ಮ ಕೆರೆಯ ಕೆಸರಲ್ಲಿ ಹೊಟ್ಟೆ ಹೊರೆಯುವ ಈ ಹಕ್ಕಿಗಳಿಗೆ ನಿಮ್ಮ ಪುಟದಲ್ಲಿ ಒಮ್ಮೆಯಾದರೂ ಜಾಗ ಕೊಡಿ. ವಿದೇಶಿ ಎಂಬ ಮಾತು ಅಲ್ಲಿ ಸಲ್ಲುತ್ತದೆ. ಬಸವನಹುಳು ತಿನ್ನುವ ಬಾಯ್ಕಳಕ ಕೊಕ್ಕರೆ ಗದ್ದೆಗೆ ಇಳಿದಾಗಲೂ ಕೆಲವರು ವಿದೇಶಿ ಎಂದೇ ಬರೆಯುತ್ತಾರೆ, ಅದೂ ನಮ್ಮ ದೇಶದಲ್ಲೇ ಮರಿ ಮಾಡುವ ಹಕ್ಕಿ.

ಚಿತ್ರ ತೆಗೆಯುವ ಯುವಕ, ಯುವತಿಯರಲ್ಲಿ ಒಂದು ವಿನಂತಿ. ಬಿಸಿಲಿನಲ್ಲಿ ಮೊಬೈಲಿನಿಂದ ಬಿಳಿ ಹಕ್ಕಿ ತೆಗೆದರೆ ಗರಿಯ ವಿವರ ಒಂದೂ ಉಳಿಯುವುದಿಲ್ಲ. ಬೆಳಕು ಸ್ವಲ್ಪ ಇಳಿಸಿಕೊಂಡು ತೆಗೆಯಿರಿ, ಆಮೇಲೆ ಇನ್ನಷ್ಟು ಬೆಳ್ಳಗೆ ಮಾಡಬೇಡಿ. ಹಕ್ಕಿಯ ಮುಖ ಪಕ್ಕಕ್ಕೆ ತಿರುಗಿರಲಿ, ಬಾಯಿಯ ಸೀಳು ಆಗ ಕಾಣುತ್ತದೆ. ಹಾರುವಾಗಿನದ್ದೂ ಒಂದಿರಲಿ. ಹಾಗೆಂದು ಕಲ್ಲು ಹೊಡೆದು, ಚಪ್ಪಾಳೆ ತಟ್ಟಿ ಎಬ್ಬಿಸುವುದು ದಯವಿಟ್ಟು ಬೇಡ. ಕಾದರೆ ಅದಾಗಿಯೇ ಹಾರುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಹಕ್ಕಿಯ ಚಿತ್ರ ಹಾಕುವಾಗ ಊರಿನ ಜೊತೆ ತೆಗೆದ ತಿಂಗಳನ್ನೂ ಹಾಕಿ. ಆ ಒಂದು ಪದವಿದ್ದರೆ ಓದುವ ಮಕ್ಕಳಿಗೆ ಗರಿಯ ಬಣ್ಣ ಯಾಕೆ ಹಾಗಿದೆ ಎಂದು ಹೇಳಿಕೊಡಬಹುದು. ಜಾತಿ ಗೊತ್ತಾಗದಿದ್ದರೆ ಬೆಳ್ಳಕ್ಕಿ, ನೀರುಕಾಗೆ ಎಂದಷ್ಟೇ ಬರೆಯಿರಿ, ಅದರಲ್ಲಿ ಅವಮಾನವೇನೂ ಇಲ್ಲ. ಇ-ಬರ್ಡ್ ಎಂಬ ಅಂತರ್ಜಾಲ ತಾಣದಲ್ಲಿ ಹಕ್ಕಿ ದಾಖಲಿಸುವವರಿಗೂ ಜಾತಿ ಹೇಳದೆ ಬೆಳ್ಳಕ್ಕಿ ಎಂದು ಮಾತ್ರ ನಮೂದಿಸುವ ಅವಕಾಶವಿದೆ. ಊಹಿಸಿ ಬರೆದ ಹೆಸರಿಗಿಂತ ಅದು ಮೇಲು.

ಇನ್ನೊಂದು ವಿಷಯ ಜನವರಿಯದ್ದು. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ, ಆಸಕ್ತರು ಯಾರು ಬೇಕಾದರೂ ತಮ್ಮೂರಿನ ಕೆರೆ, ಹೊಳೆಯ ಹಕ್ಕಿ ಎಣಿಸಿ ಕಳಿಸಬಹುದು. ಆ ಹೊತ್ತಿಗೆ ನಮ್ಮಲ್ಲಿ ಗೋವಕ್ಕಿಯ ಕಿತ್ತಳೆ ಬಣ್ಣ ಇರುವುದಿಲ್ಲ, ಬೆಳ್ಳಕ್ಕಿಗಳ ಎಳೆಗರಿ ಇರುವುದಿಲ್ಲ, ಕೊಳದ ಬಕದ ಕೆಂಪು ಬೆನ್ನು ಇರುವುದಿಲ್ಲ. ಪುಸ್ತಕಗಳಲ್ಲಿ, ಗೋಡೆ ಚಿತ್ರಗಳಲ್ಲಿ ನಾವು ನೋಡಿರುವುದು ಹೆಚ್ಚಾಗಿ ಮರಿ ಮಾಡುವ ಕಾಲದ ಚೆಂದದ ಹಕ್ಕಿಯನ್ನು. ಎಣಿಸಬೇಕಾದದ್ದು ಜನವರಿಯ ಸಾದಾ ಹಕ್ಕಿಯನ್ನು. ಆದ್ದರಿಂದ ಈ ಡಿಸೆಂಬರ್‌ನಲ್ಲಿ ಒಂದು ಭಾನುವಾರ ಅರ್ಧ ಪುಟ ಮೀಸಲಿಟ್ಟು, ಕೊಡಗಿನ ಗದ್ದೆ, ಕೆರೆ, ಜಲಾಶಯಗಳಲ್ಲೇ ಚಳಿಗಾಲದಲ್ಲಿ ತೆಗೆದ ನಾಲ್ಕು ಬಿಳಿ ಹಕ್ಕಿ, ಮೂರು ನೀರುಕಾಗೆ, ಎರಡು ಬಕ, ಮೂರು ಗೊರವಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕಿ. ಕೊಕ್ಕು, ಬಾಯಿಯ ಸೀಳು, ಪಾದಗಳ ರೇಖಾಚಿತ್ರ ಬೇಕಿದ್ದರೆ ನಾನು ಬರೆದುಕೊಡುತ್ತೇನೆ, ಅದಕ್ಕೆ ಸಂಭಾವನೆ ಬೇಡ. ಶಾಲೆಗಳವರು ಆ ಪುಟವನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ ಗಣತಿಯ ದಿನ ಮಕ್ಕಳ ಕೈಗೆ ಕೊಡಲಿ.

ಇಂತು,
ನಿವೃತ್ತ ಚಿತ್ರಕಲಾ ಶಿಕ್ಷಕಿ,
ಅಮ್ಮತ್ತಿ ಹೋಬಳಿ, ವಿರಾಜಪೇಟೆ ತಾಲ್ಲೂಕು, ಕೊಡಗು